ಅಕ್ರಮ ಬಯಲಿಗೆಳೆದು ಶಿಕ್ಷೆಗೊಳಗಾದ ನೌಕರರಿಗೆ ಪರಿಹಾರ: ಕಾನೂನು ಹಾಕಿದ ಮಿತಿಗಳು

ಕೆಲಸ ಮಾಡುವ ಕಡೆ ಕಂಡ ವಂಚನೆ, ಲಂಚ, ಸುರಕ್ಷತೆಯ ಲೋಪ ಅಥವಾ ಜನರ ಆರೋಗ್ಯಕ್ಕೆ ಒದಗಿದ ಅಪಾಯವನ್ನು ಹೊರಗೆಡಹಿದ ನೌಕರರ ಮೇಲೆ ಸಂಸ್ಥೆಗಳು ಸೇಡು ತೀರಿಸಿಕೊಳ್ಳುವುದುಂಟು. ವಜಾ, ಹಿಂಬಡ್ತಿ, ದೂರದೂರಿಗೆ ವರ್ಗ, ತಡೆಹಿಡಿದ ಸಂಬಳ, ಕೆಲಸವೇ ಕೊಡದೆ ಮೂಲೆಯಲ್ಲಿ ಕೂರಿಸುವುದು, ಹೀಗೆ ಅದರ ರೂಪಗಳು ಹಲವು. ಅಕ್ರಮ ಹೊರಗೆಡಹುವ ಇಂಥ ನೌಕರರನ್ನು ವಿಷಲ್‌ಬ್ಲೋವರ್‌ಗಳೆಂದು ಪತ್ರಿಕೆಗಳು ಕರೆಯುತ್ತವೆ. ಅವರಿಗಾದ ನಷ್ಟಕ್ಕೆ ಮಾಲೀಕರಿಂದ ಎಷ್ಟು ಹಣ ಕೊಡಿಸಬಹುದು, ಆ ಮೊತ್ತಕ್ಕೆ ಮೇಲ್ಮಿತಿ ಇರಬೇಕೆ ಎಂಬ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕೊಟ್ಟಿದೆ. ಬ್ರಿಟನ್ ಮಿತಿಯನ್ನೇ ತೆಗೆದುಹಾಕಿತು. ಐರ್ಲೆಂಡ್ ಐದು ವರ್ಷದ ಸಂಬಳಕ್ಕೆ ಗೆರೆ ಎಳೆಯಿತು. ಕೆನಡಾದ ಒಕ್ಕೂಟ ಸರ್ಕಾರ ತನ್ನ ನೌಕರರ ನೋವಿಗೆ 10,000 ಡಾಲರ್ ಸಾಕೆಂದಿತು. ಭಾರತದ ಕಾನೂನು ಅಂಕಿಯನ್ನೇ ಹೇಳಲಿಲ್ಲ. ಆದರೆ ಕಾನೂನಿನ ಪುಸ್ತಕದಲ್ಲಿ ಬರೆದ ಮಿತಿಗಿಂತ, ಬರೆಯದೇ ಉಳಿದ ಮಿತಿಗಳೇ ನೌಕರರ ಕೈಸೇರುವ ಹಣವನ್ನು ಹೆಚ್ಚಾಗಿ ಕಡಿಮೆ ಮಾಡುತ್ತವೆ. ಈ ವಿಷಯದ ಬಗ್ಗೆ ಅತಿ ಹೆಚ್ಚು ತೀರ್ಪುಗಳು ಬಂದ ದೇಶಗಳಲ್ಲೊಂದಾದ ಬ್ರಿಟನ್ನಿನ ಅನುಭವವೇ ಇದನ್ನು ಚೆನ್ನಾಗಿ ತೋರಿಸುತ್ತದೆ.

ಬ್ರಿಟನ್ ಮಿತಿಯನ್ನು ತೆಗೆದ ಬಗೆ

ಕಾರಣವಿಲ್ಲದೆ ಕೆಲಸ ಕಳೆದುಕೊಂಡವರು ನ್ಯಾಯಮಂಡಳಿಗೆ ಹೋಗಬಹುದೆಂಬ ಹಕ್ಕು ಬ್ರಿಟನ್ನಿನಲ್ಲಿ 1971ರ ಕೈಗಾರಿಕಾ ಸಂಬಂಧಗಳ ಕಾಯ್ದೆಯಿಂದ ಬಂತು. ಆಗಲೇ ಪರಿಹಾರಕ್ಕೆ 4,160 ಪೌಂಡ್‌ಗಳ ಮಿತಿಯೂ ಅಂಟಿಕೊಂಡಿತು. ವಾರಕ್ಕೆ 40 ಪೌಂಡ್‌ನಂತೆ ಎರಡು ವರ್ಷದ ಲೆಕ್ಕ ಅದು. ಈ ಮಿತಿ ನಿಧಾನವಾಗಿ ಏರುತ್ತ 1990ರ ದಶಕದ ಕೊನೆಗೆ 12,000 ಪೌಂಡ್‌ಗೆ ಬಂದು ನಿಂತಿತ್ತು. ಹತ್ತಾರು ವರ್ಷ ದುಡಿದ ಎಂಜಿನಿಯರ್ ಅಥವಾ ವೈದ್ಯರಿಗೆ ಅದು ಕೆಲವು ತಿಂಗಳ ಸಂಬಳ ಮಾತ್ರ. ಪ್ರಶ್ನೆ ಕೇಳುವವರನ್ನು ಹೊರಹಾಕಲು ಎಷ್ಟು ಖರ್ಚಾಗುತ್ತದೆಂದು ಕಂಪನಿಗಳು ಮೊದಲೇ ಲೆಕ್ಕ ಹಾಕಿಕೊಳ್ಳಬಹುದಿತ್ತು.

ಇಂಥ ಮಿತಿಗಳ ಮೇಲೆ ಮೊದಲ ಪೆಟ್ಟು ಬಿದ್ದದ್ದು ಲಿಂಗ ತಾರತಮ್ಯದ ಪ್ರಕರಣವೊಂದರಿಂದ. ಗಂಡಸರಿಗಿಂತ ಮೊದಲೇ ನಿವೃತ್ತಿ ಹೇರಿದ್ದನ್ನು ಪ್ರಶ್ನಿಸಿದ ಮಾರ್ಷಲ್ ಎಂಬ ಆರೋಗ್ಯ ಇಲಾಖೆಯ ಮಹಿಳಾ ನೌಕರರಿಗೆ ನ್ಯಾಯಮಂಡಳಿ 19,405 ಪೌಂಡ್ ನಿಗದಿ ಮಾಡಿತು. ಆಗ ಕಾನೂನಿನಲ್ಲಿದ್ದ ಮಿತಿ 6,250 ಪೌಂಡ್. ಪ್ರಕರಣ ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯಕ್ಕೆ ಹೋಯಿತು. ಆದ ನಷ್ಟವನ್ನು ಪೂರ್ತಿ ತುಂಬಿಕೊಡದ ಪರಿಹಾರ ಪರಿಹಾರವೇ ಅಲ್ಲ, ಮೊದಲೇ ಗೊತ್ತುಮಾಡಿದ ಮಿತಿ ಸಮಾನತೆಯ ಹಕ್ಕಿಗೆ ವಿರುದ್ಧ ಎಂದು ಆ ನ್ಯಾಯಾಲಯ 1993ರ ಆಗಸ್ಟ್‌ನಲ್ಲಿ ಹೇಳಿತು. ಅದೇ ವರ್ಷ ಲಿಂಗ ತಾರತಮ್ಯದ ಪ್ರಕರಣಗಳಲ್ಲೂ ಮರುವರ್ಷ ಜನಾಂಗ ತಾರತಮ್ಯದ ಪ್ರಕರಣಗಳಲ್ಲೂ ಬ್ರಿಟನ್ ಮಿತಿಯನ್ನು ಕೈಬಿಟ್ಟಿತು. ಕೆಲವು ಬಗೆಯ ವಜಾ ಬರೀ ಕರಾರು ಮುರಿದಂತಲ್ಲ, ಅದಕ್ಕಿಂತ ದೊಡ್ಡ ತಪ್ಪು ಎಂಬ ತಿಳಿವಳಿಕೆ ಅಲ್ಲಿನ ಕಾನೂನಿಗೆ ಹೊಕ್ಕಿದ್ದು ಹೀಗೆ.

ಅದೇ ಹೊತ್ತಿಗೆ ದೇಶವನ್ನು ಕಂಗೆಡಿಸಿದ ದುರಂತಗಳ ತನಿಖಾ ವರದಿಗಳು ಒಂದೊಂದಾಗಿ ಬರುತ್ತಿದ್ದವು. 1987ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಜೀಬ್ರುಗೆ ಬಂದರಿನಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಹಡಗು ಮುಂಬಾಗಿಲು ಮುಚ್ಚದೆ ಸಾಗಿ ಮಗುಚಿ 193 ಮಂದಿ ಸತ್ತರು. ಬಾಗಿಲು ಮುಚ್ಚಿದೆಯೇ ಎಂದು ತಿಳಿಯಲು ಕಪ್ತಾನನ ಕಣ್ಣೆದುರೊಂದು ಸೂಚಕ ದೀಪ ಬೇಕೆಂದು ಸಿಬ್ಬಂದಿ ಮೊದಲೇ ಕೇಳಿದ್ದರು. ಕಂಪನಿ ಕಿವಿಗೊಟ್ಟಿರಲಿಲ್ಲ. ಮರುವರ್ಷ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ಕಟ್ಟೆಯಲ್ಲಿ 167 ಜನ ಸತ್ತರು. ಬ್ರಿಸ್ಟಲ್‌ನ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ ಮಕ್ಕಳು ಹೆಚ್ಚಾಗಿ ಸಾಯುತ್ತಿದ್ದಾರೆಂದು ಹೇಳಿದ ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್ ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. ಒಳಗಿದ್ದವರಿಗೆ ಗೊತ್ತಿತ್ತು, ಹೇಳಲು ಹೆದರಿದರು. ಹೇಳಿದವರ ಮಾತನ್ನು ಯಾರೂ ಕೇಳಲಿಲ್ಲ. ಹಲವು ತನಿಖೆಗಳಲ್ಲಿ ಇದೇ ಮಾತು ಮರಳಿ ಮರಳಿ ಬಂತು.

1993ರಲ್ಲಿ ಹುಟ್ಟಿದ ‘ಪಬ್ಲಿಕ್ ಕನ್ಸರ್ನ್ ಅಟ್ ವರ್ಕ್’ ಸಂಸ್ಥೆ (ಈಗ ಅದರ ಹೆಸರು ‘ಪ್ರೊಟೆಕ್ಟ್’) ಕಾನೂನಿಗಾಗಿ ಹೋರಾಡಿತು. ಕನ್ಸರ್ವೇಟಿವ್ ಸಂಸದ ರಿಚರ್ಡ್ ಶೆಫರ್ಡ್ ಖಾಸಗಿ ಮಸೂದೆಯನ್ನು ಕಾಮನ್ಸ್ ಸಭೆಯಲ್ಲಿ ತಂದರು, ಲೇಬರ್ ಪಕ್ಷದ ಲಾರ್ಡ್ ಬೋರಿ ಮೇಲ್ಮನೆಯಲ್ಲಿ ದಡ ಸೇರಿಸಿದರು. ಸಾರ್ವಜನಿಕ ಹಿತಾಸಕ್ತಿ ಬಹಿರಂಗಪಡಿಸುವಿಕೆ ಕಾಯ್ದೆಗೆ 1998ರ ಜುಲೈ 2ರಂದು ರಾಣಿಯ ಒಪ್ಪಿಗೆ ಸಿಕ್ಕಿತು. ಪರಿಹಾರದ ಮೊತ್ತವನ್ನು ಮಾತ್ರ ಕಾಯ್ದೆಯಲ್ಲಿ ಬರೆಯದೆ ಮುಂದಿನ ನಿಯಮಗಳಿಗೆ ಬಿಟ್ಟರು. ಅಸಲು ಜಗ್ಗಾಟ ಇದ್ದದ್ದೇ ಅಲ್ಲಿ. ಎಲ್ಲ ಬಗೆಯ ಅನ್ಯಾಯದ ವಜಾಕ್ಕೂ ಮಿತಿ ತೆಗೆಯುವ ಯೋಚನೆಯನ್ನು ಸರ್ಕಾರ 1998ರ ಶ್ವೇತಪತ್ರದಲ್ಲಿ ಮುಂದಿಟ್ಟಿತ್ತು. ಉದ್ಯಮಿಗಳು ಗದ್ದಲವೆಬ್ಬಿಸಿದ ಮೇಲೆ ಸಾಮಾನ್ಯ ವಜಾಕ್ಕೆ 50,000 ಪೌಂಡ್ ಎಂದು ರಾಜಿಯಾಯಿತು. ಅಕ್ರಮ ಬಯಲಿಗೆಳೆದವರಿಗೂ ಸುರಕ್ಷತೆಯ ಬಗ್ಗೆ ದನಿಯೆತ್ತಿದವರಿಗೂ ಯಾವ ಮಿತಿಯೂ ಇಲ್ಲವೆಂದು ತೀರ್ಮಾನವಾಯಿತು. ಕಾಯ್ದೆ 1999ರ ಜುಲೈ 2ರಂದು ಜಾರಿಗೆ ಬಂದಾಗ ಅದರ ಪರಿಹಾರಕ್ಕೆ ತಡೆಗೋಡೆ ಇರಲಿಲ್ಲ.

ಈ ತೀರ್ಮಾನದಿಂದ ಒಂದು ಅಡ್ಡಪರಿಣಾಮವೂ ಆಯಿತು. ಸಾಮಾನ್ಯ ವಜಾದ ಮಿತಿ ವರ್ಷವರ್ಷ ಏರುತ್ತ 2025ರ ಏಪ್ರಿಲ್‌ನಲ್ಲಿ 1,18,223 ಪೌಂಡ್ ತಲುಪಿತು. 2013ರಿಂದ ಅದರ ಜೊತೆಗೆ ಇನ್ನೊಂದು ಕಟ್ಟಳೆ ಸೇರಿತು. ಆ ಮೊತ್ತ ಮತ್ತು ನೌಕರನ ಒಂದು ವರ್ಷದ ಸಂಬಳ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಹಾಗಾಗಿ ದೊಡ್ಡ ಸಂಬಳದ ನೌಕರರ ವಕೀಲರು ತಮ್ಮ ಕಕ್ಷಿದಾರರ ದೂರಿನಲ್ಲಿ ಎಲ್ಲಾದರೂ ‘ಅಕ್ರಮ ಬಯಲಿಗೆಳೆದ’ ಎಳೆ ಸಿಗುತ್ತದೆಯೇ ಎಂದು ಹುಡುಕತೊಡಗಿದರು. ಸಿಕ್ಕರೆ ಮಿತಿಯ ಗೋಡೆ ದಾಟಬಹುದಲ್ಲ! ತನ್ನ ಬೋನಸ್ ಬಗ್ಗೆ ತಕರಾರು ತೆಗೆದವರೂ ಸಾರ್ವಜನಿಕ ಹಿತಕ್ಕಾಗಿ ಮಾತಾಡಿದೆ ಎನ್ನತೊಡಗಿದಾಗ, 2013ರಲ್ಲಿ ಸಂಸತ್ತು ‘ಸಾರ್ವಜನಿಕ ಹಿತ’ ಎಂಬ ಷರತ್ತನ್ನು ಕಾಯ್ದೆಯೊಳಕ್ಕೇ ಸೇರಿಸಬೇಕಾಯಿತು. 2025ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಉದ್ಯೋಗ ಹಕ್ಕುಗಳ ಕಾಯ್ದೆ ಸಾಮಾನ್ಯ ವಜಾದ ಮಿತಿಯನ್ನೂ ತೆಗೆಯಲು ದಾರಿ ಮಾಡಿದೆ. ಅದು ಜಾರಿಯಾದ ಮೇಲೆ ಈ ಹುಡುಕಾಟಕ್ಕೆ ಹೆಚ್ಚಿನ ಅರ್ಥ ಉಳಿಯಲಾರದು.

ಹಣ ಎಣಿಸುವ ಬಗೆ

ಮಿತಿ ಇಲ್ಲವೆಂದ ಮಾತ್ರಕ್ಕೆ ಬಾಯಿಗೆ ಬಂದಷ್ಟು ಕೊಡುವುದಿಲ್ಲ. ನ್ಯಾಯಮಂಡಳಿ ಮೊದಲು ಕಳೆದುಹೋದ ಸಂಬಳ, ಪಿಂಚಣಿ, ಭತ್ಯೆಗಳನ್ನು ಲೆಕ್ಕ ಹಾಕುತ್ತದೆ. ಆಮೇಲೆ ಮುಂದೆ ಆಗಬಹುದಾದ ನಷ್ಟ. ಹೊಸ ಕೆಲಸ ಯಾವಾಗ ಸಿಕ್ಕೀತು, ಹಳೆಯ ಸಂಬಳದಷ್ಟು ಯಾವಾಗ ಆದೀತು ಎಂಬುದು ಊಹೆಯ ಲೆಕ್ಕ. ಜೊತೆಗೆ ಸೇವೆಯ ವರ್ಷಗಳನ್ನು ಆಧರಿಸಿದ ಮೂಲ ಪರಿಹಾರವೊಂದಿದೆ. ಅದಕ್ಕೆ ಇವತ್ತಿಗೂ ಮಿತಿಯುಂಟು. ವಾರದ ಸಂಬಳ ಎಷ್ಟೇ ಹೆಚ್ಚಿರಲಿ, 719 ಪೌಂಡ್‌ಗಿಂತ ಹೆಚ್ಚು ಹಿಡಿಯುವಂತಿಲ್ಲ ಎಂದು 2025ರ ಏಪ್ರಿಲ್‌ನಲ್ಲಿ ನಿಗದಿಯಾಗಿತ್ತು.

ಮೊದಲ ದೊಡ್ಡ ಮೊತ್ತ ಬಂದದ್ದು 2000ದಲ್ಲಿ. ನೆಟ್‌ಕಾಮ್ ಎಂಬ ಕಂಪನಿಯ ಹಣಕಾಸು ಅಧಿಕಾರಿ ಫರ್ನಾಂಡಿಸ್, ಮುಖ್ಯಸ್ಥರು ಖರ್ಚಿನ ರಸೀದಿಗಳಿಲ್ಲದೆ ಹಣ ತೆಗೆದದ್ದನ್ನು ಮಾತೃಸಂಸ್ಥೆಗೆ ತಿಳಿಸಿ ಕೆಲಸ ಕಳೆದುಕೊಂಡಿದ್ದರು. ಆ ವಯಸ್ಸಿನಲ್ಲಿ ಮತ್ತೆ ಅಂಥ ಹುದ್ದೆ ಸಿಗುವುದು ಕಷ್ಟವೆಂದು ಒಪ್ಪಿದ ನ್ಯಾಯಮಂಡಳಿ 2,93,000 ಪೌಂಡ್‌ಗೂ ಹೆಚ್ಚು ಕೊಡಿಸಿತು. ಹಳೆಯ ಮಿತಿ ಇದ್ದಿದ್ದರೆ 12,000 ಸಿಗುತ್ತಿತ್ತು.

ಹೃದ್ರೋಗ ತಜ್ಞ ಡಾ. ರಾಜ್ ಮಟ್ಟು ಅವರದು ಇನ್ನೂ ದೀರ್ಘ ಕಥೆ. ಕೊವೆಂಟ್ರಿಯ ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆಯ ಜಾಗಕ್ಕೆ ಐದನೆಯದನ್ನು ತುರುಕುತ್ತಿದ್ದಾರೆ, ತುರ್ತು ಹೊತ್ತಿನಲ್ಲಿ ಉಪಕರಣಗಳು ರೋಗಿಯ ಹತ್ತಿರ ಹೋಗದಂತಾಗಿದೆ ಎಂದು ಅವರು 2001ರಲ್ಲಿ ಹೇಳಿದರು. 2002ರಲ್ಲಿ ಅಮಾನತು, 2010ರಲ್ಲಿ ವಜಾ, 2014ರಲ್ಲಿ ಗೆಲುವು, 2016ರಲ್ಲಿ 12.2 ಲಕ್ಷ ಪೌಂಡ್ ಪರಿಹಾರ. ಮೊತ್ತ ದೊಡ್ಡದು ನಿಜ. ಅದರ ಹಿಂದೆ ಹದಿನೈದು ವರ್ಷಗಳಿವೆ, ಆ ಅವಧಿಯ ಬಹುಭಾಗ ರೋಗಿಗಳನ್ನು ನೋಡಲಾಗದ ವೈದ್ಯನ ವರ್ಷಗಳು. ರಾಯಲ್ ಮೇಲ್‌ನ ನೌಕರರಾಗಿದ್ದ ಜೂಟಿ ಅವರ ಪ್ರಕರಣವೂ ಹಾಗೆಯೇ. ಅವರ ಮೇಲಧಿಕಾರಿ ದೂರಿನ ವಿಷಯ ಮುಚ್ಚಿಟ್ಟು, ಕೆಲಸ ಸರಿಯಿಲ್ಲವೆಂಬ ಕಡತ ಕಟ್ಟಿ ಇನ್ನೊಬ್ಬರ ಕೈಯಿಂದ ವಜಾ ಮಾಡಿಸಿದ್ದರು. ವಜಾ ಆದೇಶಕ್ಕೆ ಸಹಿ ಹಾಕಿದವರಿಗೆ ನಿಜ ಗೊತ್ತಿರಲಿಲ್ಲ ಎಂಬುದು ನೆಪವಾಗದು, ಮುಚ್ಚಿಟ್ಟ ಕಾರಣವೇ ಅಸಲು ಕಾರಣ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಆ ಬಳಿಕ ನಿಗದಿಯಾದ ಮೊತ್ತ ಸುಮಾರು 23 ಲಕ್ಷ ಪೌಂಡ್.

ಬರೆಯದ ಮಿತಿಗಳು

ಇಂಥ ಲಕ್ಷಗಳು ಸುದ್ದಿಯಾಗುವುದು ಅಪರೂಪವಾದ್ದರಿಂದಲೇ. ಕಾನೂನು ಪುಸ್ತಕದಲ್ಲಿ ಮಿತಿ ಇಲ್ಲದ ದೇಶದಲ್ಲೂ ಹಣ ಯಾವ ಯಾವ ತಿರುವಿನಲ್ಲಿ ಸೋರಿಹೋಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಬ್ರಿಟಿಷ್ ಕಾನೂನು ಸೇಡನ್ನು ಎರಡು ಭಾಗ ಮಾಡಿದೆ. ಕೆಲಸದಲ್ಲಿರುವಾಗ ಕೊಟ್ಟ ಕಿರುಕುಳ ಒಂದು, ವಜಾ ಇನ್ನೊಂದು. ಕಿರುಕುಳಕ್ಕಾದರೆ ಮನಸ್ಸಿಗಾದ ನೋವಿಗೂ ಪರಿಹಾರವುಂಟು. ವಜಾಕ್ಕೆ ಅದಿಲ್ಲ, ಅಲ್ಲಿ ಹಣದ ನಷ್ಟ ಮಾತ್ರ ಲೆಕ್ಕಕ್ಕೆ ಎಂದು ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು 2004ರ ಡನ್ನಾಚಿ ಪ್ರಕರಣದಲ್ಲಿ ಖಚಿತಪಡಿಸಿದರು. ಕಿರುಕುಳ ಕೊಟ್ಟದ್ದಕ್ಕಿಂತ ಕತ್ತು ಹಿಡಿದು ಹೊರದೂಡಿದ್ದೇ ದೊಡ್ಡ ಪೆಟ್ಟು, ಆದರೆ ನೋವಿನ ಲೆಕ್ಕದಲ್ಲಿ ಅದಕ್ಕೇ ಬೆಲೆ ಕಡಿಮೆ. ರುಜುವಾತಿನ ಭಾರವೂ ಬೇರೆ ಬೇರೆ. ಕಿರುಕುಳದ ಹಿಂದೆ ದೂರಿನ ಪ್ರಭಾವ ಗಣನೀಯವಾಗಿದ್ದರೆ ಸಾಕು ಎಂದು 2011ರ ಫೆಸಿಟ್ ತೀರ್ಪು ಹೇಳುತ್ತದೆ. ವಜಾ ಆದರೆ ದೂರೇ ಮುಖ್ಯ ಕಾರಣವಾಗಿರಬೇಕು. ಮಾಲೀಕರು ಸಾಮಾನ್ಯವಾಗಿ ಬೇರೆ ಕಾರಣವೊಂದನ್ನು ಸಿದ್ಧವಿಟ್ಟಿರುತ್ತಾರೆ. ತಡವಾಗಿ ಬಂದ ದಿನ, ಗ್ರಾಹಕರ ತಕರಾರು, ಹುದ್ದೆಯೇ ರದ್ದಾಯಿತೆಂಬ ವಿವರಣೆ, ಯಾವುದಾದರೂ ನಡೆಯುತ್ತದೆ.

ನೋವಿಗೆ ಎಷ್ಟು? ಪೊಲೀಸ್ ಇಲಾಖೆಯ ವೆಂಟೊ ಪ್ರಕರಣದಲ್ಲಿ 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಮೂರು ಮಟ್ಟಗಳನ್ನು ಗೊತ್ತುಮಾಡಿತು. ಅತ್ಯಂತ ಗಂಭೀರ ಪ್ರಕರಣಕ್ಕೆ 25,000 ಪೌಂಡ್‌ವರೆಗೆ. 2025ರಲ್ಲಿ ಈ ಮೇಲಿನ ಮಟ್ಟ 60,700 ಪೌಂಡ್‌ಗೆ ಏರಿದೆ, ತೀರಾ ಅಪರೂಪದ ಪ್ರಕರಣಗಳಲ್ಲಿ ಮಾತ್ರ ದಾಟಬಹುದು. ಇದು ಕಾಯ್ದೆಯ ಮಿತಿಯಲ್ಲ, ನ್ಯಾಯಾಧೀಶರು ಹಾಕಿಕೊಂಡ ಮಾರ್ಗಸೂಚಿ. ನಡೆಯುವುದು ಮಿತಿಯಂತೆಯೇ. ವರ್ಗೊ ಫಿಡೆಲಿಸ್ ಶಾಲೆಯ ಶಿಕ್ಷಕರೊಬ್ಬರಿಗೆ ಕೆಳಗಿನ ನ್ಯಾಯಮಂಡಳಿ ಕೊಟ್ಟ 42,500 ಪೌಂಡ್‌ಗಳನ್ನು ಮೇಲಿನವರು 2004ರಲ್ಲಿ 25,000ಕ್ಕೆ ಇಳಿಸಿದ್ದು ಇದೇ ಅಳತೆಗೋಲಿನಿಂದ. ಮಾಲೀಕರು ನಡೆದುಕೊಂಡ ರೀತಿಗಾಗಿ 10,000 ಪೌಂಡ್ ಪ್ರತ್ಯೇಕವಾಗಿ ಸೇರಿಸಿದರು.

ಕಡಿತಗಳ ಪಟ್ಟಿ ಉದ್ದವಿದೆ. ಹೇಗಿದ್ದರೂ ಸ್ವಲ್ಪ ದಿನದಲ್ಲಿ ಕೆಲಸ ಹೋಗುತ್ತಿತ್ತೆಂದು ಮಾಲೀಕರು ತೋರಿಸಿದರೆ ಅದಕ್ಕೆ ತಕ್ಕಂತೆ ಕಡಿತ. ಇದಕ್ಕೆ 1987ರ ಪೋಲ್ಕಿ ತೀರ್ಪಿನ ಹೆಸರೇ ಅಂಟಿಕೊಂಡಿದೆ. ವಜಾಕ್ಕೆ ನೌಕರನ ನಡತೆಯೂ ಕಾರಣವಾಗಿದ್ದರೆ ಕಡಿತ. ಹೊಸ ಕೆಲಸಕ್ಕಾಗಿ ಸಾಕಷ್ಟು ಪ್ರಯತ್ನ ಮಾಡದಿದ್ದರೆ ಕಡಿತ. ದೂರು ಕೊಟ್ಟದ್ದು ಒಳ್ಳೆಯ ಉದ್ದೇಶದಿಂದಲ್ಲ ಎನಿಸಿದರೆ ಗರಿಷ್ಠ ಶೇ 25 ಕಡಿತ. 2013ಕ್ಕೆ ಮುಂಚೆ ಈ ಕೊನೆಯ ಕಾರಣಕ್ಕೆ ಪ್ರಕರಣವೇ ಬಿದ್ದುಹೋಗುತ್ತಿತ್ತು, ಆ ದೃಷ್ಟಿಯಲ್ಲಿ ಶೇ 25 ಸುಧಾರಣೆಯೇ.

ಹೊಸ ಕೆಲಸದ ಮಾತು ವಿಷಲ್‌ಬ್ಲೋವರ್‌ಗಳ ವಿಷಯದಲ್ಲಿ ಎಷ್ಟು ಕ್ರೂರವೆಂದು ನ್ಯಾಯಾಲಯಗಳಿಗೆ ತಡವಾಗಿ ಹೊಳೆಯಿತು. ಹಳೆಯ ಮಾಲೀಕರೊಡನೆ ಜಗಳವಾಡಿದವರೆಂಬ ಕಾರಣಕ್ಕೆ ಆ ರಂಗದಲ್ಲಿ ಯಾರೂ ಕರೆಯದಿದ್ದರೆ ಅದಕ್ಕೂ ಹಳೆಯ ಮಾಲೀಕರೇ ಹಣ ತೆರಬೇಕು ಎಂದು 2009ರ ಚಗ್ಗರ್ ಪ್ರಕರಣ ಹೇಳಿತ್ತು. ಅದು ಜನಾಂಗ ತಾರತಮ್ಯದ್ದು. ಆಸ್ಪತ್ರೆಯೊಂದರಲ್ಲಿ ಕಲ್ನಾರಿನ ಅಪಾಯವನ್ನು ಎತ್ತಿ ಹೇಳಿದ ಸ್ಮಾಲ್ ಎಂಬ ವ್ಯವಸ್ಥಾಪಕರ ಪ್ರಕರಣದಲ್ಲಿ 2017ರಲ್ಲಿ ಅದೇ ತತ್ವವನ್ನು ಮೇಲ್ಮನವಿ ನ್ಯಾಯಾಲಯ ಇತ್ತ ತಂದಿತು. ವಕೀಲರಿಲ್ಲದೆ ತಾವೇ ವಾದಿಸುವವರು ಅದನ್ನು ಕೇಳದೆ ಬಿಟ್ಟರೂ ನ್ಯಾಯಮಂಡಳಿ ತಾನಾಗಿ ನೋಡಬೇಕಿತ್ತು ಎಂದಿತು. ನನ್ನ ಎಣಿಕೆಯಲ್ಲಿ, ಮಿತಿ ತೆಗೆದದ್ದಕ್ಕಿಂತ ಇಂಥ ತೀರ್ಪುಗಳಿಂದ ಸಾಮಾನ್ಯ ನೌಕರರಿಗೆ ಆದ ಉಪಕಾರ ಹೆಚ್ಚು.

ಕೊನೆಯ ಮಿತಿ ಮಾಲೀಕರ ಕಿಸೆ. ನ್ಯಾಯಮಂಡಳಿ ಕೊಡಿಸಿದ ಹಣ ಪೂರ್ತಿಯಾಗಿ ಕೈಸೇರಿದ್ದು ಗೆದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ, ಸುಮಾರು ಮೂರನೇ ಒಂದು ಭಾಗಕ್ಕೆ ಬಿಡಿಗಾಸೂ ಸಿಕ್ಕಿಲ್ಲ ಎಂದು ಬ್ರಿಟಿಷ್ ಸರ್ಕಾರವೇ ನಡೆಸಿದ 2013ರ ಅಧ್ಯಯನ ತೋರಿಸಿತು. ಇದು ಎಲ್ಲ ಬಗೆಯ ಉದ್ಯೋಗ ಪ್ರಕರಣಗಳ ಲೆಕ್ಕ. ಕಂಪನಿ ಮುಳುಗಿದರೆ ಏನು ಗತಿ ಎಂಬ ಪ್ರಶ್ನೆಗೆ ಒಸಿಪೊವ್ ಪ್ರಕರಣ ಒಂದು ದಾರಿ ತೋರಿತು. ತೈಲ ಕಂಪನಿಯ ಮುಖ್ಯಸ್ಥರಾಗಿದ್ದ ಅವರನ್ನು ತೆಗೆಯಲು ತೀರ್ಮಾನಿಸಿದ ಇಬ್ಬರು ನಿರ್ದೇಶಕರು ಸ್ವಂತ ಜೇಬಿನಿಂದ 17 ಲಕ್ಷ ಪೌಂಡ್‌ಗೂ ಹೆಚ್ಚು ಕೊಡಬೇಕಾದೀತು ಎಂದು 2018ರ ತೀರ್ಪಾಯಿತು. ಅಲ್ಲಿಯವರೆಗೆ ಸೇಡಿನ ಖರ್ಚು ಕಂಪನಿಯ ಲೆಕ್ಕಕ್ಕೆ ಹೋಗುತ್ತದೆಂದು ನೆಮ್ಮದಿಯಿಂದಿದ್ದ ನಿರ್ದೇಶಕರು ಅಂದಿನಿಂದ ತಮ್ಮ ವಿಮೆಯ ಷರತ್ತುಗಳನ್ನು ಎಚ್ಚರದಿಂದ ಓದಬೇಕಾಯಿತು.

ಇವೆಲ್ಲಕ್ಕೂ ಮೊದಲು ಕಾಲದ ಗಡಿಯಿದೆ. ದೂರು ದಾಖಲಿಸಲು ಮೂರು ತಿಂಗಳು. ತೀರ್ಪಿನವರೆಗೆ ಸಂಬಳ ಮುಂದುವರಿಸುವ ತಾತ್ಕಾಲಿಕ ಪರಿಹಾರ ಬೇಕಾದರೆ ವಜಾ ಆಗಿ ಏಳೇ ದಿನದೊಳಗೆ ಅರ್ಜಿ. 2013ರಿಂದ 2017ರವರೆಗೆ ಇಂಥ ಪ್ರಕರಣಕ್ಕೆ 1,200 ಪೌಂಡ್ ಶುಲ್ಕವೂ ಇತ್ತು. ಕಾರ್ಮಿಕ ಸಂಘ ‘ಯೂನಿಸನ್’ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಇಷ್ಟೆಲ್ಲ ನೋಡಿದವರು ಮಧ್ಯದಲ್ಲೇ ರಾಜಿ ಮಾಡಿಕೊಳ್ಳುವುದು ಸಹಜ. ರಾಜಿಯ ಮೊತ್ತ ಗುಟ್ಟು. ರಾಜಿಪತ್ರದಲ್ಲಿ ಬಾಯಿಮುಚ್ಚಿಸುವ ಷರತ್ತು ಹಾಕಿದರೆ ಸಾರ್ವಜನಿಕ ಹಿತದ ಮಾತಿನ ಮಟ್ಟಿಗೆ ಅದು ಅಸಿಂಧು ಎಂದು ಕಾಯ್ದೆಯೇ ಹೇಳುತ್ತದೆ.

ಸಂಬಳವೇ ಅಳತೆಗೋಲು

ಐರ್ಲೆಂಡ್ 2014ರಲ್ಲಿ ತಂದ ಸಂರಕ್ಷಿತ ಬಹಿರಂಗಪಡಿಸುವಿಕೆ ಕಾಯ್ದೆ ನಡುದಾರಿ ಹಿಡಿಯಿತು. ಸಾಮಾನ್ಯ ವಜಾಕ್ಕೆ ಅಲ್ಲಿ ಹೆಚ್ಚೆಂದರೆ ಎರಡು ವರ್ಷದ ಸಂಬಳ, ಅಕ್ರಮ ಬಯಲಿಗೆಳೆದವರಿಗೆ ಐದು ವರ್ಷ, ಅಂದರೆ 260 ವಾರ. ತನಿಖೆಯಾಗಲಿ ಎಂಬುದೇ ದೂರಿನ ಏಕೈಕ ಅಥವಾ ಮುಖ್ಯ ಉದ್ದೇಶವಾಗಿರದಿದ್ದರೆ ಇಲ್ಲೂ ಶೇ 25ರವರೆಗೆ ಕಡಿತ. ಐದು ವರ್ಷ ಎಂದರೆ ಉದಾರವೆನಿಸುತ್ತದೆ. ಆದರೆ ಸಂಬಳವನ್ನೇ ಅಳತೆಗೋಲು ಮಾಡಿಕೊಂಡ ಕಾನೂನು ಬಡವರ ಧೈರ್ಯಕ್ಕೆ ಕಡಿಮೆ ಬೆಲೆ ಕಟ್ಟುತ್ತದೆ. ವೃದ್ಧಾಶ್ರಮದಲ್ಲಿ ವರ್ಷಕ್ಕೆ 24,000 ಯೂರೊ ದುಡಿಯುವ ಸಹಾಯಕಿಗೆ ಸಿಗುವ ಗರಿಷ್ಠ 1,20,000. ಅದೇ ಆಡಳಿತದ 1,50,000 ಯೂರೊ ಸಂಬಳದ ಅಧಿಕಾರಿಗೆ 7,50,000. ಬೈಯುವುದನ್ನೂ ಹೊಡೆಯುವುದನ್ನೂ ಕಣ್ಣಾರೆ ಕಂಡು ಮೊದಲು ಹೇಳುವವಳು ಸಹಾಯಕಿಯೇ. ಮಿತಿಯಿಲ್ಲದ ಇನ್ನೊಂದು ದಾರಿ, ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವೆ, ಕಾಯ್ದೆಯಲ್ಲೇ ಇದೆ. ಒಂದೇ ವಿಷಯಕ್ಕೆ ಎರಡೂ ದಾರಿ ಹಿಡಿಯುವಂತಿಲ್ಲ, ಸಿವಿಲ್ ದಾವೆಗೆ ವಕೀಲರ ಖರ್ಚು ಭಾರ.

ದಕ್ಷಿಣ ಆಫ್ರಿಕಾ 2000ದಲ್ಲೇ ಇಂಥ ಕಾಯ್ದೆ ತಂದ ದೇಶ. ಅಲ್ಲಿನ ಕಾರ್ಮಿಕ ಕಾನೂನಿನಲ್ಲಿ ಸಾಮಾನ್ಯ ವಜಾಕ್ಕೆ 12 ತಿಂಗಳ ಸಂಬಳ, ಅಕ್ರಮ ಹೊರಗೆಡಹಿದ್ದಕ್ಕಾಗಿ ವಜಾ ಆದರೆ 24 ತಿಂಗಳು. ವಜಾ ಮಾಡದೆ ಕಿರುಕುಳ ಕೊಟ್ಟರೆ 12 ತಿಂಗಳು. ಕೆಲಸ ಬಿಡಿಸದೆ ಹಿಂಸೆ ಕೊಡುವುದು ಅಗ್ಗ ಎಂದು ಮಾಲೀಕರಿಗೆ ಹೇಳಿಕೊಟ್ಟಂತಿದೆ ಇದು.

ನೋವಿಗೆ ದರಪಟ್ಟಿ: ಕೆನಡಾ, ಟೆಕ್ಸಾಸ್

2007ರಲ್ಲಿ ಜಾರಿಗೆ ಬಂದ ಕೆನಡಾದ ಒಕ್ಕೂಟ ಸರ್ಕಾರದ ಕಾಯ್ದೆ ಕಳೆದುಹೋದ ಸಂಬಳವನ್ನೂ ಹುದ್ದೆಯನ್ನೂ ಮರಳಿ ಕೊಡಿಸಬಲ್ಲದು, ನೋವು ಸಂಕಟಕ್ಕೆ ಮಾತ್ರ 10,000 ಡಾಲರ್‌ನ ಗೆರೆ ಎಳೆದಿದೆ.

ಟೆಕ್ಸಾಸ್ ರಾಜ್ಯದ ಕಾನೂನು ಇನ್ನೂ ವಿಚಿತ್ರ. ಅದು ಸರ್ಕಾರಿ ನೌಕರರಿಗೆ ಮಾತ್ರ ಅನ್ವಯ. ಮುಂದಿನ ಹಣದ ನಷ್ಟ ಮತ್ತು ಮಾನಸಿಕ ಯಾತನೆ ಎರಡೂ ಸೇರಿ, 100 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಕಚೇರಿಯಲ್ಲಿ 50,000 ಡಾಲರ್, ಮಧ್ಯದ ಹಂತಗಳಲ್ಲಿ ಒಂದು ಮತ್ತು ಎರಡು ಲಕ್ಷ, 500ಕ್ಕೂ ಹೆಚ್ಚು ನೌಕರರಿದ್ದರೆ 2,50,000. ನೋವು ಕಚೇರಿಯ ಗಾತ್ರಕ್ಕೆ ತಕ್ಕಂತೆ ಹಿಗ್ಗುತ್ತದೆಂದು ಶಾಸಕರು ನಂಬಿದ್ದರೋ ಏನೋ! ಬಾಕಿ ಸಂಬಳ, ವಕೀಲರ ಶುಲ್ಕ ಈ ಮಿತಿಯ ಹೊರಗಿವೆ. ಹಾಗಾಗಿ ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್ಟನ್ ಮೇಲೆ ಎಫ್‌ಬಿಐಗೆ ದೂರು ಕೊಟ್ಟು 2020ರಲ್ಲಿ ಕೆಲಸ ಕಳೆದುಕೊಂಡ ನಾಲ್ವರು ಹಿರಿಯ ಅಧಿಕಾರಿಗಳಿಗೆ ಆಸ್ಟಿನ್‌ನ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಒಟ್ಟು ಸುಮಾರು 66 ಲಕ್ಷ ಡಾಲರ್ ಕೊಡಿಸಲು ಸಾಧ್ಯವಾಯಿತು.

ಅಮೆರಿಕದ ಒಕ್ಕೂಟ ಕಾನೂನುಗಳು

ಅಮೆರಿಕದಲ್ಲಿ ಒಂದೇ ಕಾಯ್ದೆಯಿಲ್ಲ. ರೈಲು, ವಿಮಾನ, ಅಣುಸ್ಥಾವರ, ಷೇರುಪೇಟೆ, ಹೀಗೆ ಒಂದೊಂದು ರಂಗಕ್ಕೆ ಒಂದೊಂದು. ರೈಲ್ವೆ ಮತ್ತು ಲಾರಿ ನೌಕರರ ಕಾಯ್ದೆಗಳಲ್ಲಿ ಮಾಲೀಕರಿಗೆ ಬುದ್ಧಿ ಕಲಿಸಲು ದಂಡರೂಪದ ಪರಿಹಾರವುಂಟು, ಅದಕ್ಕೆ 2,50,000 ಡಾಲರ್ ಮಿತಿ. ಎನ್ರಾನ್ ಕಂಪನಿ ಕುಸಿದ ಮೇಲೆ ಬಂದ 2002ರ ಸಾರ್ಬೇನ್ಸ್–ಆಕ್ಸ್ಲಿ ಕಾಯ್ದೆಯಲ್ಲಿ ಮೊತ್ತದ ಮಿತಿಯಿಲ್ಲ, ದಂಡವೂ ಇಲ್ಲ. ಹಳೆಯ ಹುದ್ದೆ, ಬಡ್ಡಿ ಸಹಿತ ಬಾಕಿ ಸಂಬಳ, ಇತರ ನಷ್ಟ, ಇಷ್ಟು. 2010ರ ಡಾಡ್–ಫ್ರಾಂಕ್ ಕಾಯ್ದೆ ಬಾಕಿ ಸಂಬಳವನ್ನು ಇಮ್ಮಡಿ ಮಾಡಿತು. ಕಂಪನಿಯೊಳಗೆ ಮಾತ್ರ ಹೇಳಿ, ಷೇರುಪೇಟೆ ನಿಯಂತ್ರಕರಿಗೆ ದೂರು ಕೊಡದವರಿಗೆ ಇದು ಸಿಗದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಬಾಗಿಲು ಕಿರಿದು ಮಾಡಿತು. ಒಳಗೇ ಮೊದಲು ಹೇಳಿ ನೋಡಿದ ನಿಷ್ಠಾವಂತರೇ ಸೋತರು.

ಯುಬಿಎಸ್ ಬ್ಯಾಂಕಿನ ಸಂಶೋಧನಾ ಅಧಿಕಾರಿ ಮರ್ರಿ 2012ರಲ್ಲಿ ಕೆಲಸ ಕಳೆದುಕೊಂಡರು. ಸಾರ್ಬೇನ್ಸ್–ಆಕ್ಸ್ಲಿ ಕಾಯ್ದೆಯಡಿ ಅವರು ಹೂಡಿದ ದಾವೆಯಲ್ಲಿ 2017ರಲ್ಲಿ ಜ್ಯೂರಿ ಸುಮಾರು ಒಂಬತ್ತು ಲಕ್ಷ ಡಾಲರ್ ಕೊಟ್ಟಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಸೇಡಿನ ಉದ್ದೇಶವನ್ನು ನೌಕರ ಸಾಬೀತುಪಡಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಒಮ್ಮತದಿಂದ ಅವರ ಪರ ನಿಂತಿತು. 2025ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ ಬೇರೆ ಕಾರಣ ಹೇಳಿ ಮತ್ತೆ ರದ್ದು ಮಾಡಿತು.

ಪರಿಹಾರವನ್ನೂ ಬಹುಮಾನವನ್ನೂ ಕಲೆಸಿಕೊಳ್ಳಬಾರದು. ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ ಬಂದ ಸುಳ್ಳು ಬಿಲ್ಲುಗಳ ವಿರುದ್ಧದ ಕಾಯ್ದೆಯಡಿ ಸರ್ಕಾರಕ್ಕೆ ವಾಪಸಾದ ಹಣದಲ್ಲಿ ದೂರುದಾರರಿಗೆ ಪಾಲುಂಟು. ರಾನ್‌ಬಾಕ್ಸಿ ಔಷಧ ಕಂಪನಿಯ ಕಳ್ಳ ದಾಖಲೆಗಳನ್ನು ಹೊರಗೆಡಹಿದ ದಿನೇಶ್ ಠಾಕೂರ್ ಅವರಿಗೆ, ಕಂಪನಿ 2013ರಲ್ಲಿ ತೆತ್ತ 50 ಕೋಟಿ ಡಾಲರ್‌ಗಳಲ್ಲಿ 4.8 ಕೋಟಿಗೂ ಹೆಚ್ಚು ಸಂದಿತು. ಷೇರುಪೇಟೆ ನಿಯಂತ್ರಕರು ವಸೂಲಿಯ ಶೇ 10ರಿಂದ 30ರಷ್ಟನ್ನು ಕೊಡುತ್ತಾರೆ. 2023ರಲ್ಲಿ ಒಬ್ಬರಿಗೇ 27.9 ಕೋಟಿ ಡಾಲರ್ ಕೊಟ್ಟರು. ಇದು ನಷ್ಟ ತುಂಬುವ ಹಣವಲ್ಲ, ಮಾಹಿತಿಯ ಬೆಲೆ. ಹಣ ವಸೂಲಾಗದ ದೂರಿಗೆ, ಉದಾಹರಣೆಗೆ ರೋಗಿಗಳ ಸುರಕ್ಷತೆಯ ದೂರಿಗೆ, ಈ ದಾರಿ ಉಪಯೋಗಕ್ಕೆ ಬರದು.

ಯುರೋಪ್

ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ ಸದಸ್ಯ ದೇಶಗಳು ಪೂರ್ಣ ಪರಿಹಾರ ಕೊಡಬೇಕೆನ್ನುತ್ತದೆ. ಕಾನೂನು ಮಾಡಲು ಗಡುವು 2021ರ ಡಿಸೆಂಬರ್ 17 ಆಗಿತ್ತು, ಬಹುತೇಕ ದೇಶಗಳು ತಪ್ಪಿಸಿದವು. ಜರ್ಮನಿಯ 2023ರ ಕಾಯ್ದೆ ಹಣದ ನಷ್ಟ ತುಂಬಿಕೊಡುತ್ತದೆ. ಮಾನಸಿಕ ನೋವಿಗೆ ಪರಿಹಾರ ಕೊಡುವ ಸಾಲನ್ನು ಎರಡು ಸದನಗಳ ರಾಜಿ ಮಾತುಕತೆಯಲ್ಲಿ ತೆಗೆದುಹಾಕಿದರು. ಫ್ರಾನ್ಸ್ ಸಾಮಾನ್ಯ ವಜಾಕ್ಕೆ 2017ರಲ್ಲಿ 20 ತಿಂಗಳ ಸಂಬಳದ ಮೇಲ್ಮಿತಿ ತಂದರೂ, ಅಕ್ರಮ ಬಯಲಿಗೆಳೆದವರ ವಜಾ ಹುಟ್ಟಿನಿಂದಲೇ ಅಸಿಂಧುವಾದ್ದರಿಂದ ಅವರಿಗೆ ಮೇಲ್ಮಿತಿಯ ಬದಲು ಆರು ತಿಂಗಳ ಕೆಳಮಿತಿಯಿದೆ.

ಭಾರತ

ಭಾರತದಲ್ಲಿ ಈ ಚರ್ಚೆ ಹುಟ್ಟಿದ್ದು ಕೆಲಸ ಕಳೆದುಕೊಂಡವರಿಂದಲ್ಲ, ಜೀವ ಕಳೆದುಕೊಂಡವರಿಂದ. ಸುವರ್ಣ ಚತುಷ್ಪಥ ಹೆದ್ದಾರಿಯ ಕಾಮಗಾರಿಯ ಅಕ್ರಮಗಳನ್ನು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡೇ, ಪ್ರಧಾನಿ ಕಚೇರಿಗೆ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರ್ 27ರಂದು ಗಯಾದಲ್ಲಿ ಕೊಲೆಯಾದರು. ಸುಪ್ರೀಂ ಕೋರ್ಟ್ ಕೇಳಿದ ಮೇಲೆ ಸರ್ಕಾರ 2004ರಲ್ಲಿ ನಿರ್ಣಯವೊಂದನ್ನು ಹೊರಡಿಸಿ ಕೇಂದ್ರ ಜಾಗೃತ ಆಯೋಗಕ್ಕೆ ಹೊಣೆ ವಹಿಸಿತು. ಮರುವರ್ಷ ಇಂಡಿಯನ್ ಆಯಿಲ್‌ನ ಅಧಿಕಾರಿ ಮಂಜುನಾಥ್ ಷಣ್ಮುಗಂ, ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ ಗುಂಡಿಗೆ ಬಲಿಯಾದರು. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನ ಎಸ್‌ಜೆಸಿಇಯಲ್ಲಿ ಓದಿದ ಹುಡುಗ, ಆಗ ವಯಸ್ಸು 27.

ಈ ಸಾವುಗಳ ಹಿನ್ನೆಲೆಯಲ್ಲಿ ಹುಟ್ಟಿದ ವಿಷಲ್‌ಬ್ಲೋವರ್‌ಗಳ ಸಂರಕ್ಷಣಾ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸೇಡಿಗೊಳಗಾದವರನ್ನು ಹಿಂದಿನ ಸ್ಥಿತಿಗೆ ಮರಳಿಸುವಂತೆ ಸಕ್ಷಮ ಪ್ರಾಧಿಕಾರ ಆದೇಶಿಸಬಹುದು, ಸೇಡಲ್ಲ ಎಂದು ರುಜುವಾತು ಮಾಡುವ ಹೊಣೆ ಇಲಾಖೆಯದು. ಇದು ಒಳ್ಳೆಯದೇ. ಹಣದ ಮಾತು ಬಂದಾಗ ಕಾಯ್ದೆಯ ಚಿತ್ರ ತಲೆಕೆಳಗು. ಆದೇಶ ಪಾಲಿಸದ ಅಧಿಕಾರಿಗೆ 30,000 ರೂಪಾಯಿವರೆಗೆ ದಂಡ. ಸುಳ್ಳು ದೂರು ಕೊಟ್ಟವರಿಗೆ ಎರಡು ವರ್ಷದವರೆಗೆ ಸೆರೆ, ಜೊತೆಗೆ 30,000ದವರೆಗೆ ದಂಡ. ದೂರುದಾರರಿಗೆ ಆದ ನಷ್ಟಕ್ಕೆ ಎಷ್ಟು ಕೊಡಬೇಕೆಂಬ ಅಂಕಿ ಎಲ್ಲೂ ಇಲ್ಲ. ಖಾಸಗಿ ನೌಕರರು ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಅದನ್ನು ಮೊಟಕುಗೊಳಿಸುವ ತಿದ್ದುಪಡಿಗೆ 2015ರ ಮೇಯಲ್ಲಿ ಲೋಕಸಭೆ ಒಪ್ಪಿದರೂ ರಾಜ್ಯಸಭೆಯಲ್ಲಿ ಅದು ಮುಂದೆ ಸಾಗಲಿಲ್ಲ. ಮೂಲ ಕಾಯ್ದೆಯನ್ನು ಜಾರಿಗೊಳಿಸುವ ಅಧಿಸೂಚನೆಯೂ ಹೊರಡಲಿಲ್ಲ.

ಖಾಸಗಿ ವಲಯದಲ್ಲಿ ಪಟ್ಟಿಯಾದ ಕಂಪನಿಗಳು ದೂರು ಕೇಳುವ ವ್ಯವಸ್ಥೆ ಇಟ್ಟುಕೊಳ್ಳಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಷೇರುಪೇಟೆ ನಿಯಂತ್ರಕ ಸೆಬಿ ಒಳವ್ಯಾಪಾರದ ಮಾಹಿತಿ ಕೊಟ್ಟವರಿಗೆ ಬಹುಮಾನ ಕೊಡುತ್ತದೆ, 2019ರಲ್ಲಿ ಅದರ ಮಿತಿ ಒಂದು ಕೋಟಿ ಇತ್ತು, 2021ರಲ್ಲಿ ಹತ್ತು ಕೋಟಿಗೆ ಏರಿತು. ಸೇಡಿಗಾಗಿ ಪರಿಹಾರ ಬೇಕೆಂದರೆ ಹಳೆಯ ದಾರಿಗಳೇ ಗತಿ. ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ ಕಾರ್ಮಿಕ ನ್ಯಾಯಾಲಯ ಮರುನೇಮಕವನ್ನೂ ಹಿಂಬಾಕಿ ವೇತನವನ್ನೂ ಕೊಡಿಸಬಹುದು. ಅನ್ಯಾಯದ ವಜಾ ಆದರೆ ಹಿಂಬಾಕಿ ಕೊಡುವುದೇ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ 2013ರ ದೀಪಾಲಿ ಸುರ್ವಸೆ ಪ್ರಕರಣದಲ್ಲಿ ಹೇಳಿದೆ. ಆದರೆ ಅಕ್ರಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಲೆಕ್ಕಪರಿಶೋಧಕರು, ವ್ಯವಸ್ಥಾಪಕರು, ಗುಣಮಟ್ಟದ ಅಧಿಕಾರಿಗಳಿಗೆ. ವ್ಯವಸ್ಥಾಪಕ ಹುದ್ದೆಯಲ್ಲಿರುವವರು ಆ ವ್ಯಾಖ್ಯೆಯ ಹೊರಗುಳಿಯುತ್ತಾರೆ. ಅವರಿಗೆ ಸಿವಿಲ್ ದಾವೆ. ನೋಟಿಸ್ ಕೊಟ್ಟು ಮುಗಿಸಬಹುದಾದ ಕರಾರಿನಲ್ಲಿ ನಷ್ಟವೆಂದರೆ ನೋಟಿಸ್ ಅವಧಿಯ ಸಂಬಳ ಎಂದು 1957ರ ಎಸ್.ಎಸ್. ಶೆಟ್ಟಿ ವಿರುದ್ಧ ಭಾರತ್ ನಿಧಿ ತೀರ್ಪು ಹೇಳಿದೆ. ಬೆಂಗಳೂರಿನ ಐಟಿ ಕಂಪನಿಯ ವ್ಯವಸ್ಥಾಪಕರ ನೇಮಕಾತಿ ಪತ್ರದಲ್ಲಿ ಎರಡು ಮೂರು ತಿಂಗಳ ನೋಟಿಸ್ ಎಂದಿದ್ದರೆ, ಅವರ ಪಾಲಿಗೆ ಪರಿಹಾರದ ಮಿತಿಯೂ ಹೆಚ್ಚುಕಡಿಮೆ ಅಷ್ಟೇ.

ಬೆಂಗಳೂರಿನ ಕಂಪನಿಗಳು ಅಮೆರಿಕದಲ್ಲಿ ಇಂಥ ದಾವೆಗಳನ್ನು ಎದುರಿಸಿದ್ದುಂಟು. ವೀಸಾ ದುರ್ಬಳಕೆಯ ಆರೋಪ ಮಾಡಿದ ಅಮೆರಿಕನ್ ಉದ್ಯೋಗಿಯೊಬ್ಬರು ತಮ್ಮನ್ನು ಮೂಲೆಗುಂಪು ಮಾಡಿದ್ದಾರೆಂದು ಇನ್ಫೋಸಿಸ್ ವಿರುದ್ಧ ಅಲಬಾಮಾದಲ್ಲಿ ಹೂಡಿದ ದಾವೆಯನ್ನು, ಆ ರಾಜ್ಯದ ಕಾನೂನಿನಲ್ಲಿ ಅದಕ್ಕೆ ಆಸರೆಯಿಲ್ಲವೆಂದು ಒಕ್ಕೂಟ ನ್ಯಾಯಾಧೀಶರು 2012ರಲ್ಲಿ ವಜಾ ಮಾಡಿದರು. ಕಂಪನಿ ಆರೋಪಗಳನ್ನು ಅಲ್ಲಗಳೆದಿತ್ತು. ವೀಸಾ ವಿಷಯದಲ್ಲಿ ಸರ್ಕಾರದೊಡನೆ 2013ರಲ್ಲಿ 3.4 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ಎಚ್‌–1ಬಿ ವೀಸಾದ ಮೇಲೆ ಅಲ್ಲಿ ದುಡಿಯುವ ಕನ್ನಡಿಗರಿಗೂ ವಲಸೆ ಕಾಯ್ದೆಯಡಿ ಸೇಡಿನ ವಿರುದ್ಧ ರಕ್ಷಣೆಯಿದೆ, ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಆದರೆ ಕೆಲಸ ಹೋದ ದಿನದಿಂದ ಹೆಚ್ಚೆಂದರೆ 60 ದಿನದೊಳಗೆ ಹೊಸ ಮಾಲೀಕರನ್ನೋ ಬೇರೆ ವೀಸಾವನ್ನೋ ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ದೂರಿನ ತೀರ್ಮಾನ ಆ ಅವಧಿಯೊಳಗೆ ಬರುವುದು ಅಪರೂಪ.